ಪದ ಪರಿಚಯ: ಸೇಲ್ಸ್‌ಮನ್

ಬೆಳಗಾವಿಯ ಸಂತೆಯಲ್ಲಿ ಮೆಂತ್ಯದ ಸೂಡು ಮಾರುವ ಅಜ್ಜಿಯನ್ನು ಯಾರೂ ಸೇಲ್ಸ್‌ವುಮನ್ ಅನ್ನುವುದಿಲ್ಲ. ಸ್ವಂತ ಕಿರಾಣಿ ಅಂಗಡಿ ಇಟ್ಟವನೂ ಸೇಲ್ಸ್‌ಮನ್ ಅಲ್ಲ. ಅವನು ಅಂಗಡಿಯವ, ನಾಲ್ಕು ದುಡ್ಡು ಕಂಡರೆ ಸಾವ್ಕಾರ. ಇಬ್ಬರೂ ದಿನವಿಡೀ ಮಾರುವವರೇ, ಆದರೂ ಈ ಪದ ಅವರಿಗೆ ಅಂಟುವುದಿಲ್ಲ. ಇನ್ನೊಬ್ಬರ ಮಾಲನ್ನು ಸಂಬಳಕ್ಕೋ ಕಮಿಷನ್ನಿಗೋ ಮಾರಿಕೊಡುವವನಿಗೆ ಮಾತ್ರ ನಮ್ಮಲ್ಲಿ ಈ ಹೆಸರು.

ಪುಸ್ತಕದ ಕನ್ನಡದಲ್ಲಿ 'ಮಾರಾಟಗಾರ' ಇದೆ. ಆದರೆ ಅದು ಮಾಲಕನಿಗೂ ಆಗುತ್ತದೆ, ಆಳಿಗೂ ಆಗುತ್ತದೆ. ಅದಕ್ಕೇ ಏನೋ, ಅಂಗಡಿ ಬಾಗಿಲಿಗೆ ಅಂಟಿಸುವ ಚೀಟಿಯಲ್ಲಿ 'ಸೇಲ್ಸ್‌ಮನ್ ಬೇಕಾಗಿದ್ದಾರೆ' ಅಂತಲೇ ಇರುತ್ತದೆ. ಹಳೆಯ ಪದಗಳಲ್ಲಿ ಗುಮಾಸ್ತ ಇದರ ಹತ್ತಿರ ಬರುತ್ತದೆ. ಪಾರಸಿಯಿಂದ ಬಂದ ಪದ, ಮೂಲದಲ್ಲಿ 'ನೇಮಕಗೊಂಡವನು' ಅಂತ ಅರ್ಥ. ಗುಮಾಸ್ತ ಬರಬರುತ್ತ ಲೆಕ್ಕದ ಪುಸ್ತಕದ ಕಡೆ ಸರಿದ. ಗಿರಾಕಿಯ ಎದುರು ಸೇಲ್ಸ್‌ಮನ್ ಬಂದು ಕೂತ.

ಇಂಗ್ಲಿಷಿನ 'ಸೆಲ್' ಪದದ ಕಥೆಯೂ ಮಜವಾಗಿದೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ 'ಕೊಡು' ಅಂತ ಅರ್ಥ ಇತ್ತು. ನಾವು ಇವತ್ತಿಗೂ ಹಾಗೇ ಕೇಳುತ್ತೇವೆ, 'ಎಷ್ಟಕ್ಕ ಕೊಡ್ತೀರಿ?' ಅಂತ. ಎಷ್ಟಕ್ಕೆ ಮಾರುತ್ತೀರಿ ಅಂತ ಅಂಗಡಿಯಲ್ಲಿ ಕೇಳಿದವರನ್ನು ನಾನಂತೂ ನೋಡಿಲ್ಲ.

ಸೇಲ್ಸ್‌ಮನ್ ಅಂದರೇನು ಅಂತ ತಿಳಿಯಬೇಕಾದರೆ ಮದುವೆ ಸೀಜನ್ನಿನಲ್ಲಿ ಖಡೇಬಜಾರದ ಯಾವುದಾದರೂ ಸೀರೆ ಅಂಗಡಿಯಲ್ಲಿ ಒಂದು ತಾಸು ಕೂರಬೇಕು. ಹಾಸಿದ ಬಿಳಿ ಗಾದಿ. ಆ ಕಡೆ ಅವನು, ಈ ಕಡೆ ನಾವು. ಮೆಟ್ಟಿಲು ಹತ್ತುವವರನ್ನು ನೋಡಿದ ಕೂಡಲೇ ಭಾಷೆ ಅಂದಾಜು ಮಾಡುತ್ತಾನೆ. 'ಬರ್ರಿ ಅಕ್ಕಾರ', ಇಲ್ಲವೇ 'ಯಾ ಮಾವಶೀ'. ಅಂದಾಜು ತಪ್ಪಿದರೆ ಮುಂದಿನ ಮಾತಿಗೇ ಭಾಷೆ ಬದಲಾಗಿರುತ್ತದೆ. ಕನ್ನಡ, ಮರಾಠಿ, ಹಿಂದಿ ಮೂರೂ ಬಾರದವನಿಗೆ ಈ ಊರಿನ ಗಾದಿ ಕಷ್ಟ.

ಒಮ್ಮೆ ಅವ್ವ ಇಳಕಲ್ ಸೀರೆ ಕೇಳಿದಳು. ಐವತ್ತು ದಾಟಿದ, ದಪ್ಪ ಮೀಸೆಯ ಸೇಲ್ಸ್‌ಮನ್ ಒಂದನ್ನು ಬಿಚ್ಚಿ ಸೆರಗನ್ನು ತನ್ನ ಹೆಗಲ ಮೇಲೇ ಹಾಕಿಕೊಂಡ. ಕೆಂಪು ಸೆರಗಿನ ಮೇಲೆ ಬಿಳಿಯ ಟೋಪಿ ತೆನಿ ಚಿತ್ತಾರ. ಅಲ್ಲಿದ್ದ ಯಾರಿಗೂ ನಗು ಬರಲಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗದ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. 'ಇಲ್ಲೆ ಕೈ ಹಚ್ಚಿ ನೋಡ್ರಿ ಅಕ್ಕಾರ' ಅಂತ ಆ ಕೂಡಿದ ಜಾಗವನ್ನೇ ಅವ್ವನ ಬೆರಳಿಗೆ ಮುಟ್ಟಿಸಿದ. ಮಗ್ಗದ ಮುಂದೆ ಹುಟ್ಟಿದವನ ಹಾಗೆ ಮಾತಾಡುತ್ತಿದ್ದ. ಇಡೀ ಅಂಗಡಿ ಅವನದೇ ಅನ್ನಿಸಿತ್ತು.

ಅವ್ವ ಕೊನೆಗೆ 'ಎಷ್ಟು ಬಿಡ್ತೀರಿ?' ಅಂದಳು. ಅವನ ದನಿ ಇಳಿಯಿತು. 'ಮಾಲಕರನ್ನ ಕೇಳ್ತೀನ್ರಿ.' ಗಲ್ಲಾದ ಮೇಲೆ ಕೂತಿದ್ದವನು ಮಾಲಕರ ಮಗ, ಇನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ. ಮೊಬೈಲಿನಿಂದ ತಲೆ ಎತ್ತದೆ 'ಇನ್ನೂರು' ಅಂದ. ಮಾತೆಲ್ಲ ಗಾದಿಯದು, ರೇಟು ಗಲ್ಲಾದ್ದು. ಯಾರಾದರೂ ಜಾಸ್ತಿ ನಯವಾಗಿ ಮಾತಾಡಿದರೆ 'ಸೇಲ್ಸ್‌ಮನ್ ಇದ್ದಂಗ ಮಾತಾಡ್ತಾನ' ಅಂತ ಆಡಿಕೊಳ್ಳುತ್ತೇವಲ್ಲ, ಅವತ್ತಿನಿಂದ ನನಗೆ ಆ ಮಾತು ಅಷ್ಟು ಸರಿ ಅನ್ನಿಸುವುದಿಲ್ಲ.

ಇದೇ ಹೆಸರಿನವರು ಇನ್ನೂ ಇದ್ದಾರೆ. ವಾರಕ್ಕೊಮ್ಮೆ ಕಿರಾಣಿ ಅಂಗಡಿಗೆ ಬಂದು ಸೋಪು, ಬಿಸ್ಕೀಟಿನ ಆರ್ಡರ್ ಬರೆದುಕೊಳ್ಳುವವನು ಲೈನ್ ಸೇಲ್ಸ್‌ಮನ್. ಅವನ ಬಾಯಲ್ಲಿ ಯಾವಾಗಲೂ ಒಂದು ಸ್ಕೀಮು, ಅಂಗಡಿಯವನ ಬಾಯಲ್ಲಿ ಹಳೇ ಉದ್ರಿ. ಔಷಧ ಕಂಪನಿಯ ಎಂ.ಆರ್.ಗೆ (ಮೆಡಿಕಲ್ ರೆಪ್ರೆಸೆಂಟೇಟಿವ್) ಮಾತ್ರ ನಾವು ಸೇಲ್ಸ್‌ಮನ್ ಅನ್ನುವುದಿಲ್ಲ. ಅವನು ಡಾಕ್ಟರ ಮುಂದೆ ಮಾತಾಡುತ್ತಾನೆ, ಕೊಳ್ಳುವವರು ಬೇರೆ ಕಡೆ ಇರುತ್ತಾರೆ. ಇಂಥವರ ಕೆಲಸದ ಷರತ್ತುಗಳಿಗೆ 1976ರಲ್ಲಿ ಒಂದು ಕಾಯ್ದೆಯೇ ಬಂತು. ಅದರಲ್ಲಿ ಅವರು 'ಸೇಲ್ಸ್ ಪ್ರಮೋಷನ್ ಎಂಪ್ಲಾಯಿ'.

ಇನ್ನು ಬಾಗಿಲು ಬಡಿಯುವವರು. ನಮ್ಮ ಮನೆಗೆ ಒಬ್ಬ ಬಂದು ನೀರಿನ ಫಿಲ್ಟರ್ ಕೊಟ್ಟು ಹೋದ. ತಿಂಗಳಿಗೆ ಅದು ಕೆಟ್ಟಿತು, ಅವನ ನಂಬರ್ ಅದಕ್ಕೂ ಮೊದಲೇ ಬಂದ್. ಡೈರೆಕ್ಟ್ ಸೆಲ್ಲಿಂಗ್ ಕಂಪನಿಗಳ ಪರವಾಗಿ ಮಾರುವವರು ಗುರುತಿನ ಚೀಟಿ ಇಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಮನೆಗೆ ಬರುವಂತಿಲ್ಲ ಅಂತ 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ನನಗೆ ಗೊತ್ತಾದದ್ದು ಫಿಲ್ಟರ್ ಕೆಟ್ಟ ಮೇಲೆ.

ಪದದ ಕೊನೆಗಿರುವ 'ಮನ್' ಬಗ್ಗೆ ಒಂದು ಮಾತು. ಗಂಡಸು ಇಪ್ಪತ್ತಕ್ಕೇ ಸೇಲ್ಸ್‌ಮನ್ ಆಗುತ್ತಾನೆ. ಹೆಂಗಸು ಮೊಮ್ಮಕ್ಕಳನ್ನು ಕಂಡರೂ ಸೇಲ್ಸ್‌ಗರ್ಲ್. ಈಗಿನ ದೊಡ್ಡ ಬಟ್ಟೆ ಅಂಗಡಿಗಳಲ್ಲಿ ಅವರೇ ಜಾಸ್ತಿ ಕಾಣುತ್ತಾರೆ, ಅಲ್ಲಿ ಗಾದಿ ಹೋಗಿ ಕೌಂಟರ್ ಬಂದಿದೆ. ಅಂಗಡಿ ಕೆಲಸದವರಿಗೆ ಕೂರಲು ಸೀಟು ಕೊಡಲೇಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ಮಾಡಿದವು. ನಮ್ಮೂರಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ ನೋಡಿ. ಕಪಾಟಿಗೆ ಬೆನ್ನು ಕೊಟ್ಟು, ಚಪ್ಪಲಿ ಬಿಟ್ಟು, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತ ನಿಂತಿರುತ್ತಾರೆ.