ತೆರಿಗೆ ರಿಯಾಯಿತಿಗೂ ಸೆಟ್‌ನಲ್ಲಿರುವ ಬಂದೂಕಿಗೂ ಏನು ಸಂಬಂಧ?

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಸಿನಿಮಾದವರಿಗೆ ತೆರಿಗೆ ರಿಯಾಯಿತಿ ಕೊಡುವ ಕಾನೂನಿನಲ್ಲೇ ಬಂದೂಕಿನ ನಿಯಮಗಳನ್ನೂ ಸೇರಿಸಿದ್ದಾರಂತೆ. ರಿಯಾಯಿತಿ ಬೇಡ ಅನ್ನುವವರು ಅವನ್ನು ಪಾಲಿಸಬೇಕಾಗಿಲ್ವಾ?

ಪಾಲಿಸಲೇಬೇಕು. 2023ರ ಜುಲೈನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದ ಎಸ್‌ಬಿ 132 ಕಾಯ್ದೆಯಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ, ಗೊಂದಲ ಆಗೋದು ಅದರಿಂದಲೇ. ಬಂದೂಕನ್ನು ತರಬೇತಿ ಪಡೆದವರೇ ನೋಡಿಕೊಳ್ಳಬೇಕು, ತೀರಾ ಸೀಮಿತ ಸಂದರ್ಭ ಬಿಟ್ಟರೆ ಅಸಲಿ ಗುಂಡು ಸೆಟ್ಟಿಗೆ ಬರಲೇಬಾರದು ಅನ್ನೋದು ಆ ರಾಜ್ಯದಲ್ಲಿ ಶೂಟಿಂಗ್ ಮಾಡುವ ಎಲ್ಲರಿಗೂ ಅನ್ವಯಿಸುತ್ತದೆ. ರಿಯಾಯಿತಿ ಪಡೆಯುವವರಿಗೆ ಇನ್ನೊಂದು ಹೊಣೆ ಜಾಸ್ತಿ: ಒಬ್ಬ ಸುರಕ್ಷತಾ ಸಲಹೆಗಾರರನ್ನು ಇಟ್ಟುಕೊಳ್ಳಬೇಕು. ಶೂಟಿಂಗ್ ಶುರುವಾಗುವ ಮೊದಲೇ ಎಲ್ಲೆಲ್ಲಿ ಅಪಾಯ ಇದೆ ಅಂತ ಅವರು ಬರೆದಿಡಬೇಕು.

ಇದಕ್ಕೆಲ್ಲ ಕಾರಣವಾದ ದುರಂತ ನಡೆದದ್ದು ಕ್ಯಾಲಿಫೋರ್ನಿಯಾದಲ್ಲಲ್ಲ, ಸ್ವಲ್ಪ ದೂರದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ. 2021ರ ಅಕ್ಟೋಬರ್ 21ರಂದು 'ರಸ್ಟ್' ಚಿತ್ರದ ಸೆಟ್‌ನಲ್ಲಿ ತಾಲೀಮು ನಡೆಯುತ್ತಿತ್ತು. ನಟ ಅಲೆಕ್ ಬಾಲ್ಡ್ವಿನ್ ಕೈಯಲ್ಲಿದ್ದ ರಿವಾಲ್ವರ್‌ನಿಂದ ಗುಂಡು ಹಾರಿತು. ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು, ಆಗ ಅವರಿಗೆ 42 ವರ್ಷ. ನಿರ್ದೇಶಕರಿಗೂ ಗಾಯವಾಯಿತು. ಬಂದೂಕು ಕೊಡುವಾಗ ಅದರಲ್ಲಿ ಅಸಲಿ ಗುಂಡಿಲ್ಲ ಅಂತಲೇ ಕೂಗಿ ಹೇಳಿದ್ದರು. ಆಯುಧಗಳನ್ನು ನೋಡಿಕೊಳ್ಳುತ್ತಿದ್ದವರಿಗೆ ಅದರ ಜೊತೆಗೆ ಪ್ರಾಪ್ಸ್, ಅಂದರೆ ದೃಶ್ಯಗಳಲ್ಲಿ ಬಳಸುವ ಸಾಮಾನು ನೋಡಿಕೊಳ್ಳುವ ಕೆಲಸವನ್ನೂ ಹೊರಿಸಲಾಗಿತ್ತು. ನನಗೆ ಅತಿ ಹೆಚ್ಚು ಸಿಟ್ಟು ಬರೋದು ಇಲ್ಲೇ. ಒಂದು ಸಂಬಳ ಉಳಿಸೋಕೆ ಹೋಗಿ ಒಂದು ಜೀವ ಹೋಯಿತು.

ಸೆಟ್‌ಗಳಲ್ಲಿ ಎರಡು ಥರದ ತೋಟಾ ಇರುತ್ತದೆ. ಬ್ಲ್ಯಾಂಕ್‌ನಲ್ಲಿ ಮದ್ದು ಇರುತ್ತದೆ, ಗುಂಡು ಇರಲ್ಲ. ಡಮ್ಮಿಯಲ್ಲಿ ಗುಂಡು ಇರುತ್ತದೆ, ಮದ್ದು ಇರಲ್ಲ. ಹಾಗಾಗಿ ಕ್ಯಾಮೆರಾಗೆ ಅದು ಥೇಟ್ ಅಸಲಿಯಂತೆಯೇ ಕಾಣುತ್ತದೆ. ಅದಕ್ಕೇ ಎಷ್ಟೋ ಡಮ್ಮಿಗಳ ಒಳಗೆ ಸಣ್ಣ ಲೋಹದ ಗೋಲಿ ಹಾಕಿರುತ್ತಾರೆ, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನಬೇಕು. 1993ರಲ್ಲಿ ನಟ ಬ್ರ್ಯಾಂಡನ್ ಲೀ ಸತ್ತದ್ದು ಅಸಲಿ ತೋಟಾದಿಂದ ಅಲ್ಲ. ಸರಿಯಾಗಿ ತಯಾರಿಸದ ಡಮ್ಮಿಯ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿತ್ತು, ಯಾರೂ ನೋಡಿರಲಿಲ್ಲ. ಆಮೇಲೆ ಬ್ಲ್ಯಾಂಕ್ ಹಾರಿಸಿದಾಗ ಅದರ ಮದ್ದು ಆ ಗುಂಡನ್ನು ಹೊರಗೆ ತಳ್ಳಿತು.

ಸರಿ, ದುಡ್ಡಿಗೂ ಇದಕ್ಕೂ ಯಾಕೆ ನಂಟು? ದಂಡ ಬೀಳೋದು ಸಾವಾದ ಮೇಲೆ. ರಸ್ಟ್ ನಿರ್ಮಾಪಕರಿಗೆ ನ್ಯೂ ಮೆಕ್ಸಿಕೊ ಹಾಕಿದ ದಂಡ 1,36,793 ಡಾಲರ್, ರಾಜಿಯಾದ ಮೇಲೆ ಅದು 1 ಲಕ್ಷಕ್ಕೆ ಇಳಿಯಿತು. ಸಿನಿಮಾ ಕಂಪನಿಗಳು ಎಷ್ಟೋ ಸಲ ಒಂದೇ ಚಿತ್ರಕ್ಕಾಗಿ ಹುಟ್ಟಿ, ಮುಗಿದ ಮೇಲೆ ಮುಚ್ಚಿಹೋಗುತ್ತವೆ. ರಿಯಾಯಿತಿ ಹಾಗಲ್ಲ, ಬಜೆಟ್ ಹಾಕುವಾಗಲೇ ಅದನ್ನು ಲೆಕ್ಕಕ್ಕೆ ತಗೊಂಡಿರುತ್ತಾರೆ. ಈ ಕಾಯ್ದೆ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕಾಗಿ ವರ್ಷಕ್ಕೆ 33 ಕೋಟಿ ಡಾಲರ್ ಇಟ್ಟಿತು, 2025ರಲ್ಲಿ ಅದನ್ನು 75 ಕೋಟಿಗೆ ಏರಿಸಿದರು. ಜನರ ತೆರಿಗೆ ದುಡ್ಡು ಕೊಡುವಾಗ, ನಿಮ್ಮ ಸೆಟ್‌ನಲ್ಲಿ ಕೆಲಸ ಮಾಡುವವರು ಸಂಜೆ ಮನೆಗೆ ವಾಪಸ್ ಹೋಗಬೇಕು ಅಂತ ಷರತ್ತು ಹಾಕೋದು ನ್ಯಾಯವೇ ಅಲ್ವಾ?

ಅಸಲಿ ಬಂದೂಕನ್ನೇ ಈ ಕಾಯ್ದೆ ನಿಷೇಧಿಸಿಲ್ಲ. ನನ್ನನ್ನು ಕೇಳಿದರೆ ಸೆಟ್‌ನಲ್ಲಿ ಅಸಲಿ ಬಂದೂಕೂ ಬೇಕಿಲ್ಲ. ನಟರು ರಬ್ಬರ್ ಬಂದೂಕು ಹಿಡಿದು ಅಭಿನಯಿಸಲಿ, ನಳಿಗೆಯ ಬೆಂಕಿಯನ್ನು ಆಮೇಲೆ ಗ್ರಾಫಿಕ್ಸ್‌ನಲ್ಲಿ ಸೇರಿಸಬಹುದು.