ಗ್ಯಾಸ್ ಹಾಕಿಸುವ ಮುಂಚೆ ಸೆನ್ಸರ್ ನೋಡಿ

"ಗ್ಯಾಸ್ ಹೋಗ್ಯಾದಂತ್ರಿ ಅಣ್ಣಾರ, ಹಾಕಸ್ಲೇನು?" ಸೇಡಂ ರಸ್ತೆಯ ಅಕ್ಕ ಒಬ್ಬರು ಮೇ ತಿಂಗಳಲ್ಲಿ ಫೋನ್ ಮಾಡಿ ಕೇಳಿದರು. ಫ್ರಿಜ್ ಹಗಲು ರಾತ್ರಿ ಓಡುತ್ತಿದೆ, ನಿಲ್ಲುತ್ತಲೇ ಇಲ್ಲ. ಕಲಬುರಗಿಯ ಬಿಸಿಲಿಗೆ ಕಂಪ್ರೆಸರ್ ಜಾಸ್ತಿ ಓಡುವುದು ಸಹಜ. ಆದರೆ ಬೆಳಗಿನ ಜಾವದಲ್ಲೂ ನಿಲ್ಲದಿದ್ದರೆ ಏನೋ ಕೆಟ್ಟಿದೆ ಎಂದೇ ಅರ್ಥ.

ಹೋಗಿ ಬಾಗಿಲು ತೆಗೆದೆ. ಚಳಿಗಾಲದಲ್ಲಿ ಸುಲಿದಿಟ್ಟ ಹಸಿ ತೊಗರಿಕಾಳಿನ ಪೊಟ್ಟಣ ಕಲ್ಲಾಗಿತ್ತು. ಕೆಳಗಿಟ್ಟ ಕೊತ್ತಂಬರಿಯೂ ಹೆಪ್ಪುಗಟ್ಟಿತ್ತು. ಗ್ಯಾಸ್ ಹೋಗಿದ್ದರೆ ತಂಪು ಕಡಿಮೆಯಾಗಬೇಕಿತ್ತು, ಅಲ್ವಾ? ಇಲ್ಲಿ ತಂಪು ಅತಿಯಾಗಿದೆ. ಒಳಗಿನ ತಂಪು ಅಳೆದು "ಇನ್ನು ಸಾಕು" ಎಂದು ಹೇಳಬೇಕಾದ ಸೆನ್ಸರ್ ಮೇಲೆ ನನಗೆ ಅನುಮಾನ ಬಂತು.

ಈ ಸೆನ್ಸರ್ ಬೆರಳ ತುದಿಯಷ್ಟು ಚಿಕ್ಕದು, ಅದಕ್ಕೆ ಎರಡು ವೈರು. ತಂಪು ಹೆಚ್ಚಿದಷ್ಟೂ ಅದರ ಓಮ್, ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ, ಏರುತ್ತದೆ. ಅದನ್ನು ನೋಡಿಯೇ ಫ್ರಿಜ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡು ಕಂಪ್ರೆಸರ್ ನಿಲ್ಲಿಸುತ್ತದೆ. ವರ್ಷಗಟ್ಟಲೆ ಮಂಜಿನಲ್ಲಿದ್ದು ತಲೆಯೊಳಗೆ ತೇವ ಹೊಕ್ಕರೆ ಓಮ್ ಏರುವುದೇ ಇಲ್ಲ. ಒಳಗೆ ಮೈನಸ್ 18 ಡಿಗ್ರಿ ಇದ್ದರೂ ಬೋರ್ಡಿಗೆ ಇನ್ನೂ ಬಿಸಿಯಿದೆ ಅನ್ನಿಸುತ್ತದೆ. ಕನೆಕ್ಟರ್ ತುಕ್ಕು ಹಿಡಿದರೆ ಇದು ತಿರುಗಾಮುರುಗಾ: ಓಮ್ ಜಾಸ್ತಿ ತೋರಿಸಿ ಕಂಪ್ರೆಸರ್ ಬೇಗ ನಿಲ್ಲುತ್ತದೆ, ಐಸ್‌ಕ್ರೀಮ್ ಕರಗುತ್ತದೆ.

ಪರೀಕ್ಷೆಗೆ ಒಂದು ಸ್ಟೀಲ್ ಲೋಟ, ಓಮ್ ಅಳೆಯುವ ಮಲ್ಟಿಮೀಟರ್ ಸಾಕು. ಮೊದಲು ಪ್ಲಗ್ ತೆಗೆಯಿರಿ. ಸೆನ್ಸರ್ ಸುತ್ತ ಮಂಜು ಕಟ್ಟಿದ್ದರೆ ಚಾಕು ಹಾಕಿ ಕೆರೆಯಬೇಡಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಇಡಿ. ಕನೆಕ್ಟರ್ ಬಿಚ್ಚಿ. ಲೋಟದ ತುಂಬ ಪುಡಿ ಐಸ್, ಮೇಲೆ ಸ್ವಲ್ಪ ನೀರು. ಚೆನ್ನಾಗಿ ಕಲಕಿ ಸೆನ್ಸರಿನ ತಲೆ ಮುಳುಗಿಸಿ ಐದು ನಿಮಿಷ ಬಿಡಿ. ಕರಗುವ ಐಸು ನೀರು ಸೇರಿದರೆ ಸೊನ್ನೆ ಡಿಗ್ರಿ, ಅದರಲ್ಲಿ ಅನುಮಾನವಿಲ್ಲ. 25 ಡಿಗ್ರಿಯಲ್ಲಿ 5 ಕಿಲೋ ಓಮ್ ಇರುವ ಸೆನ್ಸರ್ ಎರಡು ವೈರಿಗೆ ಮೀಟರ್ ಹಿಡಿದರೆ ಇಲ್ಲಿ ಸುಮಾರು 16 ತೋರಿಸಬೇಕು. 10ರದ್ದಾದರೆ 32ರ ಆಸುಪಾಸು. ಅಕ್ಕಾವ್ರ ಮನೆಯ 5ರ ಸೆನ್ಸರ್ 9ರ ಹತ್ತಿರ ಓಲಾಡುತ್ತಿತ್ತು, ಒಂದು ಕಡೆ ನಿಲ್ಲಲೇ ಇಲ್ಲ. ಅಂದರೆ ಸೊನ್ನೆಯನ್ನು ಹನ್ನೆರಡು ಡಿಗ್ರಿ ಎಂದು ಹೇಳುತ್ತಿತ್ತು.

ಹೊಸ ಸೆನ್ಸರ್ ಕೆಲವು ನೂರು ರೂಪಾಯಿಯದು. ಸೆನ್ಸರಿಗಾಗಿ ಗ್ಯಾಸಿಗೆ, ಬೋರ್ಡಿಗೆ ಸಾವಿರಗಟ್ಟಲೆ ಸುರಿಯುವುದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹಾಕುವಾಗ ವೈರನ್ನು ಸುಮ್ನೆ ಹೊಸೆದು ಟೇಪ್ ಸುತ್ತಬೇಡಿ, ಟೇಪಿನೊಳಗೆ ನೀರು ಇಳಿಯುತ್ತದೆ. ಬೆಸುಗೆ ಹಾಕಿ, ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಸ್ಲೀವ್ ಏರಿಸಬೇಕು. ಆದರೆ ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿ ಆರ್‌600ಎ ಗ್ಯಾಸ್ ಇರುತ್ತದೆ, ಅದು ಬೆಂಕಿ ಹಿಡಿಯುವಂಥದ್ದು. ಒಳಗೆ ಲೈಟರ್ ಹಚ್ಚಲೇಬೇಡಿ. ಕನೆಕ್ಟರ್ ಸಮೇತ ಸೆನ್ಸರ್ ಸಿಕ್ಕರೆ ಅದನ್ನೇ ತಗೊಳ್ಳಿ, ಬೆಸುಗೆಯ ಗೊಡವೆಯೇ ಇರುವುದಿಲ್ಲ.

ಹಳೆಯದನ್ನು ಎಸೆಯದೆ ಅಂಗಡಿಗೆ ಒಯ್ಯಿರಿ, ಫ್ರಿಜ್ ಮಾಡೆಲ್ ನಂಬರೂ ಬರೆದುಕೊಳ್ಳಿ. 5ರ ಜಾಗಕ್ಕೆ 10 ಹಾಕಿದರೆ ಬೋರ್ಡು ಬೇಗನೆ ತಂಪಾಯಿತು ಎಂದುಕೊಂಡು ಕಂಪ್ರೆಸರ್ ನಿಲ್ಲಿಸುತ್ತದೆ. ಆಗ ಆ ತೊಗರಿಕಾಳು ಎರಡೇ ದಿನದಲ್ಲಿ ಹುಳಿ ವಾಸನೆ ಬರುತ್ತದೆ.