ಗುಂಡು ಹಾರುವ ಮೊದಲೇ ಕೋರ್ಟು ಮುಚ್ಚಿತ್ತು: ಅಮೆರಿಕದ ಕ್ರಾಂತಿ ಶುರುವಾದ ಬಗೆ

ಅಮೆರಿಕ ಸ್ವಾತಂತ್ರ್ಯ ಘೋಷಿಸಿಕೊಂಡು 2026ರ ಜುಲೈ 4ಕ್ಕೆ 250 ವರ್ಷ. ನಮ್ಮಲ್ಲಿ ಬಹಳ ಜನರಿಗೆ ಈ ಕಥೆ ಹೈಸ್ಕೂಲಿನ ಸಮಾಜ ಪಾಠದಲ್ಲಿ ಓದಿದ ಎರಡು ಪ್ಯಾರಾ ಅಷ್ಟೆ. ಇಂಗ್ಲೆಂಡು ಚಹಾಕ್ಕೆ ತೆರಿಗೆ ಹಾಕಿತು, ಬಾಸ್ಟನ್ನಿನ ಜನ ಚಹಾ ಪೆಟ್ಟಿಗೆಗಳನ್ನು ನೀರಿಗೆ ಎಸೆದರು, ಯುದ್ಧ ಆಯಿತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಒಂದು ವಿಷಯ ಹೊಂದುವುದಿಲ್ಲ. ನೀರಿಗೆ ಬಿದ್ದ ಆ ಚಹಾ ಅಗ್ಗದ್ದು. 1773ರ ಕಾಯ್ದೆಯಿಂದ ಚಹಾದ ಬೆಲೆ ಇಳಿಯುವುದಿತ್ತು, ಏರುವುದಲ್ಲ. ಅಲ್ಲದೆ ಲಂಡನ್ನಿನ ಸಾಮಾನ್ಯ ಮನುಷ್ಯ ಕಟ್ಟುತ್ತಿದ್ದ ತೆರಿಗೆಯ ಮುಂದೆ ಬಾಸ್ಟನ್ನಿನವನು ಕಟ್ಟುತ್ತಿದ್ದದ್ದು ಚಿಲ್ಲರೆ ಕಾಸು. ಹಾಗಾದರೆ ಜಗಳ ಯಾವುದಕ್ಕೆ?

1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನಿನಲ್ಲಿ ಮೊದಲ ಕಾಯಂ ಇಂಗ್ಲಿಷ್ ನೆಲೆ ನಿಂತಿತು. ಮುಂದಿನ ನೂರೈವತ್ತು ವರ್ಷಗಳಲ್ಲಿ ಅದು 13 ವಸಾಹತುಗಳಾಯಿತು. ಪ್ರತಿಯೊಂದಕ್ಕೂ ತನ್ನದೇ ಶಾಸನಸಭೆ, ತನ್ನದೇ ತೆರಿಗೆ. ಲಂಡನ್ ದೂರದಲ್ಲಿತ್ತು, ಹೆಚ್ಚು ತಲೆ ಹಾಕುತ್ತಿರಲಿಲ್ಲ. ಕಾಕಂಬಿ ಮೇಲಿನ ಸುಂಕ ಕಾಗದದ ಮೇಲಿತ್ತು, ಕಳ್ಳಸಾಗಣೆ ಬಂದರಿನಲ್ಲಿ ನಡೆಯುತ್ತಿತ್ತು. ಇಬ್ಬರಿಗೂ ಇದು ಅಭ್ಯಾಸ ಆಗಿತ್ತು.

1763ರಲ್ಲಿ ಈ ಅಭ್ಯಾಸ ಮುರಿಯಿತು. ಫ್ರೆಂಚರ ಜೊತೆಗಿನ ಏಳು ವರ್ಷಗಳ ಯುದ್ಧವನ್ನು ಬ್ರಿಟನ್ ಗೆದ್ದಿತು, ಕೆನಡಾ ಸಿಕ್ಕಿತು. ಜೊತೆಗೆ ಸಾಲವೂ ಬಂತು. ಯುದ್ಧಕ್ಕೆ ಮುಂಚೆ ಸುಮಾರು 7.5 ಕೋಟಿ ಪೌಂಡ್ ಇದ್ದ ಸರ್ಕಾರದ ಸಾಲ 13 ಕೋಟಿ ಮುಟ್ಟಿತ್ತು. ಅಮೆರಿಕದಲ್ಲಿ 10,000 ಸೈನಿಕರನ್ನು ಇಟ್ಟುಕೊಳ್ಳುವ ಯೋಜನೆ ಬೇರೆ. ನಿಮ್ಮನ್ನು ಕಾಯುವ ಪಡೆಯ ಖರ್ಚಿನಲ್ಲಿ ಸ್ವಲ್ಪವನ್ನಾದರೂ ನೀವು ಕೊಡಿ ಎಂದು ಲಂಡನ್ ಕೇಳಿತು. ಕೇಳಿದ್ದು ಅನ್ಯಾಯ ಅನ್ನಿಸುವುದಿಲ್ಲ ಅಲ್ವಾ? ಅಲ್ಲಿದ್ದವರಿಗೂ ಕೇಳಿದ್ದು ಎಷ್ಟು ಅನ್ನುವುದಕ್ಕಿಂತ ಕೇಳಿದ್ದು ಯಾರು ಅನ್ನುವುದು ದೊಡ್ಡದಾಗಿತ್ತು. ನಮ್ಮ ಶಾಸನಸಭೆ ಕೇಳಿದರೆ ಕೊಡುತ್ತೇವೆ, ನಮ್ಮವನು ಒಬ್ಬನೂ ಕೂತಿಲ್ಲದ ಪಾರ್ಲಿಮೆಂಟ್ ಕೇಳಿದರೆ ಯಾಕೆ ಕೊಡಬೇಕು, ಎಂಬುದು ಅವರ ವಾದ.

1765ರ ಸ್ಟಾಂಪ್ ಕಾಯ್ದೆ ಈ ವಾದವನ್ನು ಬೀದಿಗೆ ತಂದಿತು. ಕೋರ್ಟಿನ ಕಾಗದ, ಪತ್ರಿಕೆ, ಪಂಚಾಂಗ, ಇಸ್ಪೀಟು, ಪಗಡೆಯ ದಾಳ, ಎಲ್ಲದಕ್ಕೂ ಮುದ್ರೆ, ಮುದ್ರೆಗೆ ದುಡ್ಡು. ಈ ತೆರಿಗೆ ತಾಗಿದ್ದು ಯಾರಿಗೆ ನೋಡಿ. ವಕೀಲರಿಗೆ, ಪತ್ರಿಕೆ ನಡೆಸುವವರಿಗೆ, ಹೋಟೆಲಿನಲ್ಲಿ ಇಸ್ಪೀಟು ಆಡುವವರಿಗೆ. ಅಂದರೆ ಬರೆಯುವವರು, ಅಚ್ಚು ಹಾಕುವವರು, ಮಾತಾಡುವವರು ಎಲ್ಲರೂ ಒಂದೇ ದಿನ ಸಿಟ್ಟಾದರು. ಬಾಸ್ಟನ್ನಿನಲ್ಲಿ ಸ್ಟಾಂಪ್ ಹಂಚಬೇಕಿದ್ದ ಅಧಿಕಾರಿಯ ಬೊಂಬೆಯನ್ನು ಮರಕ್ಕೆ ನೇತು ಹಾಕಿದರು. ಲೆಫ್ಟಿನೆಂಟ್ ಗವರ್ನರ್ ಥಾಮಸ್ ಹಚಿನ್ಸನ್‌ನ ಮನೆಯನ್ನು ಒಂದೇ ರಾತ್ರಿಯಲ್ಲಿ ಪುಡಿಗಟ್ಟಿದರು. ಆತ ಖಾಸಗಿಯಾಗಿ ಈ ಕಾಯ್ದೆಯನ್ನು ಒಪ್ಪದವನು! ಗುಂಪಿಗೆ ಅಂಥ ವಿವರವೆಲ್ಲ ಬೇಕಾಗಿರಲಿಲ್ಲ.

1766ರ ಮಾರ್ಚಿನಲ್ಲಿ ಪಾರ್ಲಿಮೆಂಟ್ ಕಾಯ್ದೆಯನ್ನು ಹಿಂತೆಗೆದುಕೊಂಡಿತು. ಅದರ ಜೊತೆಗೇ ಇನ್ನೊಂದು ಕಾಯ್ದೆ ಮಾಡಿತು. ಯಾವುದೇ ವಿಷಯದಲ್ಲಾದರೂ ವಸಾಹತುಗಳಿಗೆ ಕಾನೂನು ಮಾಡುವ ಹಕ್ಕು ನಮಗಿದೆ ಎಂಬ ಘೋಷಣೆ ಅದು. ತೆರಿಗೆ ಬಿಟ್ಟರು, ಹಕ್ಕು ಬಿಡಲಿಲ್ಲ. ಮುಂದಿನ ಎಂಟು ವರ್ಷ ನಡೆದದ್ದು ಇದೇ ಆಟ. 1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಚಹಾದ ಮೇಲೆ ಸುಂಕ. ವ್ಯಾಪಾರಿಗಳಿಂದ ಇಂಗ್ಲಿಷ್ ಸರಕಿಗೆ ಬಹಿಷ್ಕಾರ. 1768ರಲ್ಲಿ ಬಾಸ್ಟನ್ನಿಗೆ ಸೈನ್ಯ. 1770ರ ಮಾರ್ಚ್ 5ರ ರಾತ್ರಿ ಸೈನಿಕರು ಗುಂಡು ಹಾರಿಸಿ ಐದು ಜನ ಸತ್ತರು. ಆ ಸೈನಿಕರ ಪರ ವಕಾಲತ್ತು ವಹಿಸಿದವನು ಮುಂದೆ ಅಮೆರಿಕದ ಎರಡನೇ ಅಧ್ಯಕ್ಷನಾದ ಜಾನ್ ಆಡಮ್ಸ್. ಆರು ಜನ ಬಿಡುಗಡೆಯಾದರು, ಇಬ್ಬರಿಗೆ ಹೆಬ್ಬೆರಳಿಗೆ ಬರೆ ಹಾಕಿ ಬಿಟ್ಟರು. ಆಗಿನ್ನೂ ಕೋರ್ಟಿನ ಮೇಲೆ ಎರಡೂ ಕಡೆಯವರಿಗೆ ನಂಬಿಕೆ ಇತ್ತು ಎಂಬುದನ್ನು ನೆನಪಿಟ್ಟುಕೊಳ್ಳಿ. ಅದೇ ವರ್ಷ ಸುಂಕಗಳನ್ನೆಲ್ಲ ತೆಗೆದರು, ಚಹಾದ್ದೊಂದನ್ನು ಬಿಟ್ಟು. ಹಕ್ಕಿನ ಗುರುತಿಗೆ ಅಂತ ಒಂದು.

ಮೂರು ವರ್ಷ ಊರು ತಣ್ಣಗಿತ್ತು. ಮತ್ತೆ ಬೆಂಕಿ ಹತ್ತಿದ್ದು ಅಮೆರಿಕದಿಂದಲ್ಲ, ನಮ್ಮ ಕಡೆಯಿಂದ. ಬಂಗಾಳವನ್ನು ಕೈಗೆ ತೆಗೆದುಕೊಂಡ ಈಸ್ಟ್ ಇಂಡಿಯಾ ಕಂಪನಿ ಬಂಗಾಳವನ್ನು ಹಿಂಡಿತು. 1769-70ರ ಬರದಲ್ಲಿ ಅಲ್ಲಿ ಲಕ್ಷಾಂತರ ಜನ ಸತ್ತರು. ದಕ್ಷಿಣದಲ್ಲಿ ಹೈದರಾಲಿ 1769ರಲ್ಲಿ ಮದ್ರಾಸಿನ ಬಾಗಿಲಿಗೇ ಬಂದು ಒಪ್ಪಂದ ಮಾಡಿಸಿಕೊಂಡು ಹೋದ. ಆ ಯುದ್ಧದ ಸುದ್ದಿಗೆ ಲಂಡನ್ನಿನಲ್ಲಿ ಕಂಪನಿಯ ಷೇರು ಕುಸಿಯಿತು. 1772ರಲ್ಲಿ ಯುರೋಪಿನ ಬ್ಯಾಂಕುಗಳು ಬಿದ್ದಾಗ ಕಂಪನಿ ದಿವಾಳಿಯ ಅಂಚಿಗೆ ಬಂತು. ಗೋದಾಮಿನಲ್ಲಿ ಸುಮಾರು 1 ಕೋಟಿ 70 ಲಕ್ಷ ಪೌಂಡ್ ತೂಕದ ಚೀನಾ ಚಹಾ ಮಾರಾಟವಾಗದೆ ಬಿದ್ದಿತ್ತು. ಸರ್ಕಾರ ಕಂಪನಿಗೆ 14 ಲಕ್ಷ ಪೌಂಡ್ ಸಾಲ ಕೊಟ್ಟಿತು. ಚಹಾವನ್ನು ನೇರವಾಗಿ ಅಮೆರಿಕಕ್ಕೆ ಒಯ್ದು ತನ್ನದೇ ಏಜೆಂಟರ ಮೂಲಕ ಮಾರಲು ಅನುಮತಿಯನ್ನೂ ಕೊಟ್ಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ ಇರಬೇಕು.

ಇಂಗ್ಲೆಂಡಿನಲ್ಲಿ ಕಟ್ಟಿದ ಸುಂಕ ಕಂಪನಿಗೆ ವಾಪಸ್. ಹಾಗಾಗಿ ಬೆಲೆ ಇಳಿಯುತ್ತದೆ, ಡಚ್ಚರ ಕಳ್ಳ ಚಹಾಕ್ಕಿಂತ ಅಗ್ಗ ಆಗಬಹುದು. ಆದರೆ ಅಮೆರಿಕದಲ್ಲಿ ಒಂದು ಪೌಂಡ್ ತೂಕದ ಚಹಾಕ್ಕೆ 3 ಪೆನ್ಸ್ ಸುಂಕ ಹಾಗೇ. ಅದನ್ನೂ ತೆಗೆಯಬಹುದಿತ್ತು. ಪಾರ್ಲಿಮೆಂಟಿನಲ್ಲಿ ಕೆಲವರು ಹಾಗೆ ಹೇಳಿದ್ದರು ಕೂಡ. ಪ್ರಧಾನಿ ಲಾರ್ಡ್ ನಾರ್ತ್ ಒಪ್ಪಲಿಲ್ಲ. ಹಕ್ಕಿನ ಪ್ರಶ್ನೆ ಇತ್ತಲ್ಲ! ಇನ್ನೊಂದು ಕಾರಣವೂ ಇತ್ತು. ಆ ಸುಂಕದ ದುಡ್ಡಿನಿಂದ ಗವರ್ನರು ಮತ್ತು ನ್ಯಾಯಾಧೀಶರಿಗೆ ಸಂಬಳ ಕೊಡುವ ಲೆಕ್ಕಾಚಾರ. ಮೊದಲೆಲ್ಲ ಆ ಸಂಬಳ ಕೊಡುತ್ತಿದ್ದದ್ದು ಸ್ಥಳೀಯ ಶಾಸನಸಭೆ. ಸಂಬಳ ಕೊಡುವವರ ಮಾತು ಯಾರೂ ತೆಗೆದುಹಾಕುವುದಿಲ್ಲ ಎಂಬುದು ಎಲ್ಲ ಊರಿನ ಅನುಭವ.

ಚಹಾ ವ್ಯಾಪಾರಿಗಳಿಗೆ ಹೊಟ್ಟೆಪಾಡಿನ ಭಯ, ಕಳ್ಳಸಾಗಣೆದಾರರಿಗೂ ಅದೇ ಭಯ. ಬಾಸ್ಟನ್ನಿನ ಏಜೆಂಟರಲ್ಲಿ ಇಬ್ಬರು ಹಚಿನ್ಸನ್‌ನ ಮಕ್ಕಳು. ಆ ಹೊತ್ತಿಗೆ ಅವನೇ ಗವರ್ನರ್. ಫಿಲಡೆಲ್ಫಿಯಾದ ಜಾನ್ ಡಿಕಿನ್ಸನ್ 1773ರಲ್ಲಿ ಒಂದು ಕರಪತ್ರ ಬರೆದು, ಏಷ್ಯಾದಲ್ಲಿ ಜನರನ್ನು ಹಸಿವಿನಿಂದ ಕೊಂದ ಕಂಪನಿ ಈಗ ನಮ್ಮ ಕಡೆ ಕಣ್ಣು ಹಾಕಿದೆ ಎಂದು ಎಚ್ಚರಿಸಿದ. ಬಂಗಾಳದ ಹೆಣಗಳ ಲೆಕ್ಕ ಅಮೆರಿಕದ ರಾಜಕೀಯಕ್ಕೆ ಬಂದದ್ದು ಹೀಗೆ.

ಉಳಿದ ಊರುಗಳು ಚಹಾದ ಹಡಗನ್ನು ವಾಪಸ್ ಕಳಿಸಿದವು, ಇಲ್ಲವೆ ಚಹಾ ಇಳಿಸಿ ಗೋದಾಮಿನಲ್ಲಿ ಬೀಗ ಹಾಕಿದವು. ಬಾಸ್ಟನ್ನಿನಲ್ಲಿ ಮಾತ್ರ ನಿಯಮ ಒಂದು ಗಂಟಾಯಿತು. ಬಂದ ಹಡಗು 20 ದಿನದೊಳಗೆ ಸುಂಕ ಕಟ್ಟದಿದ್ದರೆ ಸರಕು ಜಪ್ತಿ. ಸುಂಕ ಕಟ್ಟದೆ ವಾಪಸ್ ಹೋಗಲು ಗವರ್ನರ್ ಪರವಾನಗಿ ಬೇಕು, ಹಚಿನ್ಸನ್ ಕೊಡುವುದಿಲ್ಲ. ಡಿಸೆಂಬರ್ 16, ಗಡುವಿನ ಹಿಂದಿನ ದಿನ, ಓಲ್ಡ್ ಸೌತ್ ಸಭಾಭವನದಲ್ಲಿ ಸುಮಾರು 5,000 ಜನ ಸೇರಿದ್ದರು. ಹಡಗಿನ ಮಾಲೀಕ ಪರವಾನಗಿ ಕೇಳಲು ಕೊನೆಯ ಸಲ ಹೋಗಿ ಬರಿಗೈಯಲ್ಲಿ ಬಂದ. ಅಂದು ರಾತ್ರಿ ಮೂರು ಹಡಗುಗಳಿಂದ 342 ಪೆಟ್ಟಿಗೆ, ಸುಮಾರು 42 ಟನ್ ಚಹಾ ನೀರಿಗೆ ಬಿತ್ತು. ಮೂರು ಗಂಟೆಯ ಕೆಲಸ. ಬೇರೇನನ್ನೂ ಮುಟ್ಟಲಿಲ್ಲ. ಒಡೆದ ಒಂದು ಬೀಗಕ್ಕೆ ಬದಲಿ ಬೀಗ ತಂದುಕೊಟ್ಟರು. ಕೋಟಿನ ಒಳಪದರದಲ್ಲಿ ಚಹಾ ತುಂಬಿಕೊಳ್ಳುತ್ತಿದ್ದ ಒಬ್ಬನನ್ನು ಹಿಡಿದು ಬಟ್ಟೆ ಕಿತ್ತು ಓಡಿಸಿದರು.

ಪಾಠದ ಪುಸ್ತಕಗಳು ಇಲ್ಲಿಂದ ನೇರವಾಗಿ ಯುದ್ಧಕ್ಕೆ ಜಿಗಿಯುತ್ತವೆ. ನಡುವಿನ ಹದಿನಾರು ತಿಂಗಳೇ ನನಗೆ ಮುಖ್ಯ ಅನ್ನಿಸುವುದು.

ಲಂಡನ್ನಿನ ಉತ್ತರ 1774ರ ವಸಂತದಲ್ಲಿ ಬಂತು. ಚಹಾದ ಬೆಲೆ ಕಟ್ಟುವವರೆಗೆ ಬಾಸ್ಟನ್ ಬಂದರು ಬಂದ್. ಚಹಾ ಎಸೆದವರು ನೂರು ಚಿಲ್ಲರೆ ಜನ, ಕೂಲಿ ಹೋದದ್ದು ಊರಿಗೆಲ್ಲ. ಇದನ್ನಾದರೂ ಶಿಕ್ಷೆ ಅನ್ನಬಹುದು, ಒಂದು ದಿನ ಮುಗಿಯುತ್ತದೆ. ಎರಡನೆಯ ಕಾಯ್ದೆ ಹಾಗಿರಲಿಲ್ಲ. ಅದು ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ವಸಾಹತಿನ ಆಡಳಿತವನ್ನೇ ಬದಲಾಯಿಸಿತು. ಚುನಾಯಿತ ಮೇಲ್ಮನೆಯ ಬದಲು ದೊರೆ ನೇಮಿಸಿದ ಮೇಲ್ಮನೆ. ನ್ಯಾಯಾಧೀಶರು, ಜಿಲ್ಲೆಯಲ್ಲಿ ಕಾನೂನು ಜಾರಿ ಮಾಡುವ ಶೆರಿಫರು ಗವರ್ನರ್ ಇಷ್ಟದವರು. ಜ್ಯೂರಿಯನ್ನು ಆರಿಸುವವರು ಅದೇ ಶೆರಿಫರು. ಊರ ಸಭೆ ವರ್ಷಕ್ಕೆ ಒಂದು, ಅದಕ್ಕಿಂತ ಜಾಸ್ತಿ ಬೇಕಾದರೆ ಗವರ್ನರ್ ಅನುಮತಿ.

ಬಾಸ್ಟನ್ನಿನಿಂದ 60 ಕಿಲೋಮೀಟರ್ ಆಚೆಯ ರೈತನಿಗೆ ಚಹಾ ಜಗಳ ಅಷ್ಟಾಗಿ ತಟ್ಟಿರಲಿಲ್ಲ. ಇದು ತಟ್ಟಿತು. ಅವನಿಗೆ ಸಾಲ ಇರುತ್ತಿತ್ತು. ಸಾಲದ ದಾವೆ ನಡೆಯುವುದು ಜಿಲ್ಲಾ ಕೋರ್ಟಿನಲ್ಲಿ. ನಾಳೆ ಅಲ್ಲಿ ಕೂರುವ ನ್ಯಾಯಾಧೀಶ, ಜ್ಯೂರಿ ಎಲ್ಲ ಗವರ್ನರ್ ಕಡೆಯವರಾದರೆ ಹೊಲ ಉಳಿಯುವ ಗ್ಯಾರಂಟಿ ಏನು? ಅದನ್ನು ಕೇಳೋಣ ಎಂದರೆ ಸಭೆ ಸೇರುವ ಹಾಗಿಲ್ಲ. ಅಹವಾಲು ಹೇಳುವ ಜಾಗಗಳನ್ನೇ ಒಂದೊಂದಾಗಿ ಮುಚ್ಚಿದ್ದರು. ಹತ್ತು ವರ್ಷ ಅರ್ಜಿ ಬರೆದ ಜನ ಅರ್ಜಿ ಬಿಟ್ಟು ಬೇರೆ ದಾರಿ ಹಿಡಿದದ್ದಕ್ಕೆ ನನ್ನ ಲೆಕ್ಕದಲ್ಲಿ ಚಹಾಕ್ಕಿಂತ ಇದು ದೊಡ್ಡ ಕಾರಣ.

ಮೊದಮೊದಲು ಕಾನೂನಿನ ಸಂದಿಯಲ್ಲೇ ನುಸುಳಿದರು. ಬಾಸ್ಟನ್ನಿನವರು ಹೊಸ ಸಭೆ ಕರೆಯಲೇ ಇಲ್ಲ. ಮೇ ತಿಂಗಳ ಸಭೆಯನ್ನೇ ಮುಂದೂಡುತ್ತಾ, ಮುಂದೂಡುತ್ತಾ ಹೋದರು. ಹೊಸ ಗವರ್ನರ್ ಆಗಿ ಬಂದ ಸೇನಾಧಿಕಾರಿ ಗೇಜ್ ಕರೆಸಿ ಕೇಳಿದಾಗ, ನಾವು ಸಭೆ ಕರೆದಿಲ್ಲ, ಹಳೆಯದನ್ನು ಮುಂದುವರಿಸಿದ್ದೇವೆ ಅಷ್ಟೆ ಎಂದರು. ಹೀಗಾದರೆ ಹತ್ತು ವರ್ಷ ಬೇಕಾದರೂ ಒಂದೇ ಸಭೆ ನಡೆಸುತ್ತೀರಿ ಎಂದು ಗೇಜ್ ಗೊಣಗಿದನಂತೆ.

ಹಳ್ಳಿಗಳಲ್ಲಿ ಇಷ್ಟು ನಾಜೂಕು ಇರಲಿಲ್ಲ. ಆಗಸ್ಟ್ 16ರಂದು ಗ್ರೇಟ್ ಬ್ಯಾರಿಂಗ್ಟನ್ನಿನಲ್ಲಿ ಸುಮಾರು 1,500 ಜನ ಕೋರ್ಟಿಗೆ ಅಡ್ಡ ನಿಂತು ನ್ಯಾಯಾಧೀಶರನ್ನು ವಾಪಸ್ ಕಳಿಸಿದರು. ಸೆಪ್ಟೆಂಬರ್ 1ರ ಬೆಳಗಿನ ಜಾವ ಗೇಜ್‌ನ ಸೈನಿಕರು ಬಾಸ್ಟನ್ ಹತ್ತಿರದ ಉಗ್ರಾಣದಿಂದ ಮದ್ದಿನ ಪುಡಿ ಹೊತ್ತೊಯ್ದರು. ಬಾಸ್ಟನ್ನಿಗೆ ಫಿರಂಗಿ ಹೊಡೆದರಂತೆ ಎಂಬ ಸುಳ್ಳು ಸುದ್ದಿ ಹಬ್ಬಿತು. ಸಾವಿರಾರು ರೈತರು ಬಂದೂಕು ಹಿಡಿದು ರಸ್ತೆಗೆ ಇಳಿದರು. ಗೇಜ್ ಬೆಚ್ಚಿದ. ವೂಸ್ಟರ್ ಕೋರ್ಟಿಗೆ ಕಾವಲು ಪಡೆ ಕಳಿಸುವ ಯೋಚನೆ ಕೈಬಿಟ್ಟ.

ಸೆಪ್ಟೆಂಬರ್ 6ಕ್ಕೆ ವೂಸ್ಟರಿನಲ್ಲಿ ಕೋರ್ಟು ಕೂರಬೇಕಿತ್ತು. ಸುತ್ತಲಿನ 37 ಊರುಗಳ ಪಡೆಗಳು ಬಂದವು. ಒಬ್ಬ ಪುಣ್ಯಾತ್ಮ ಕೂತು ತಲೆ ಎಣಿಸಿ ಬರೆದಿಟ್ಟಿದ್ದಾನೆ: 4,622. ಇಡೀ ಜಿಲ್ಲೆಯ ವಯಸ್ಕ ಗಂಡಸರಲ್ಲಿ ಹೆಚ್ಚುಕಡಿಮೆ ಅರ್ಧ. ಕೋರ್ಟಿನ ಬಾಗಿಲಿಗೆ ಜನ ಅಡ್ಡ ನಿಂತಿದ್ದರಿಂದ ನ್ಯಾಯಾಧೀಶರು, ಅಧಿಕಾರಿಗಳು ಒಂದು ಹೆಂಡದಂಗಡಿಯಲ್ಲಿ ಕೂತಿದ್ದರು. ಮುಖ್ಯ ಬೀದಿಯ ಎರಡೂ ಬದಿಗೆ ಊರು ಊರಿನ ಜನ ಸಾಲಾಗಿ ನಿಂತರು. ಅಧಿಕಾರಿಗಳು ಟೋಪಿ ತೆಗೆದು ಕೈಯಲ್ಲಿ ಹಿಡಿದು ಆ ಸಾಲಿನ ನಡುವೆ ನಡೆಯಬೇಕು. ಹೊಸ ಕಾಯ್ದೆಯ ಪ್ರಕಾರ ಕೋರ್ಟು ನಡೆಸುವುದಿಲ್ಲ ಎಂಬ ಹೇಳಿಕೆಯನ್ನು ಓದಬೇಕು. ಹಿಂದಿನವರಿಗೆ ಕೇಳಿಸಲಿಲ್ಲ ಎಂದರೆ ಮತ್ತೆ ಓದಬೇಕು. ಮೂವತ್ತಕ್ಕೂ ಹೆಚ್ಚು ಸಲ ಓದಿದರು. ಒಂದು ಗುಂಡೂ ಹಾರಲಿಲ್ಲ. ಅಂದಿನಿಂದ ಆ ಜಿಲ್ಲೆಯಲ್ಲಿ ದೊರೆಯ ಆಡಳಿತ ಎಂಬುದು ಇರಲಿಲ್ಲ.

ಅಕ್ಟೋಬರ್ 4ರಂದು ವೂಸ್ಟರಿನ ಊರ ಸಭೆ ತನ್ನ ಪ್ರತಿನಿಧಿ ಟಿಮತಿ ಬಿಗೆಲೋಗೆ ಲಿಖಿತ ಸೂಚನೆ ಕೊಟ್ಟಿತು. ಬಿಗೆಲೋ ಕಮ್ಮಾರ. ಹಳೆಯ ಆಡಳಿತ ಸತ್ತಿದೆ, ಹೊಸದನ್ನು ಕಟ್ಟುವ ಕೆಲಸ ಮಾಡು ಎಂಬುದು ಸೂಚನೆಯ ತಿರುಳು. ಫಿಲಡೆಲ್ಫಿಯಾದ ಸ್ವಾತಂತ್ರ್ಯ ಘೋಷಣೆಗೆ ಆಗಿನ್ನೂ 21 ತಿಂಗಳು ಬಾಕಿ. ಅದೇ ತಿಂಗಳು ಮ್ಯಾಸಚೂಸೆಟ್ಸಿನವರು ತಮ್ಮದೇ ಪ್ರಾಂತೀಯ ಕಾಂಗ್ರೆಸ್ ಮಾಡಿಕೊಂಡು, ತೆರಿಗೆಯನ್ನು ತಮ್ಮ ಖಜಾಂಚಿಗೆ ಕಟ್ಟಲು ಹೇಳಿ, ಫಿರಂಗಿ, ಮದ್ದು ಕೊಳ್ಳಲು ಹೊರಟರು. ತೆರಿಗೆ ಕಟ್ಟುವುದಿಲ್ಲ ಎಂದ ಜನ ಸುಮ್ನೆ ಕಟ್ಟಲು ಒಪ್ಪಿದರು, ಕೇಳುವವರು ಬದಲಾದ ಮೇಲೆ.

ಆ ಮದ್ದನ್ನು ಹಿಡಿಯಲು ಗೇಜ್ 1775ರ ಏಪ್ರಿಲ್ 18ರ ರಾತ್ರಿ ಸುಮಾರು 700 ಸೈನಿಕರನ್ನು ಕಾನ್ಕಾರ್ಡಿಗೆ ಕಳಿಸಿದ. ಮರುದಿನ ಬೆಳಗ್ಗೆ ದಾರಿಯಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ಊರಿನವರು ಎಂಟು ಜನ ಸತ್ತರು. ಸೈನಿಕರು ವಾಪಸ್ ಬಾಸ್ಟನ್ ಮುಟ್ಟುವ ಹೊತ್ತಿಗೆ ಬ್ರಿಟಿಷರ ಕಡೆ 73, ಅಮೆರಿಕನ್ನರ ಕಡೆ 49 ಹೆಣ. ಮೊದಲ ಗುಂಡು ಹಾರಿಸಿದ್ದು ಯಾರು ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಮುಗಿಯಬೇಕಾದ ಅಗತ್ಯವೂ ನನಗೆ ಕಾಣುವುದಿಲ್ಲ. ಆ ಹೊತ್ತಿಗೆ ಒಂದು ನೆಲದಲ್ಲಿ ಎರಡು ಸರ್ಕಾರ ಇದ್ದವು.

ಆಮೇಲೂ ಜುಲೈನಲ್ಲಿ, ಫಿಲಡೆಲ್ಫಿಯಾದಲ್ಲಿ ವಸಾಹತುಗಳ ಪ್ರತಿನಿಧಿಗಳು ಸೇರಿದ್ದ ಕಾಂಗ್ರೆಸ್ ದೊರೆಗೆ ಒಂದು ಅರ್ಜಿ ಬರೆಯಿತು. ದೊರೆ ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ, ಆಗಸ್ಟ್ 23ಕ್ಕೆ ಇವರನ್ನು ದಂಗೆಕೋರರು ಎಂದು ಸಾರಿದ. ದಕ್ಷಿಣದ ವಸಾಹತುಗಳ ಲೆಕ್ಕ ಬೇರೆ. ನವೆಂಬರಿನಲ್ಲಿ ವರ್ಜೀನಿಯಾದ ಗವರ್ನರ್ ಡನ್‌ಮೋರ್, ದಂಗೆಕೋರರ ಗುಲಾಮರು ನಮ್ಮ ಪಡೆ ಸೇರಿದರೆ ಸ್ವತಂತ್ರರು ಎಂದ. ಅನೇಕ ತೋಟದ ಧಣಿಗಳು ದೊರೆಯ ಪಕ್ಷ ಬಿಟ್ಟದ್ದು ಆಗ. ಸುಮಾರು 25 ಲಕ್ಷ ಜನಸಂಖ್ಯೆಯಲ್ಲಿ 5 ಲಕ್ಷ ಗುಲಾಮರಿದ್ದ ನಾಡು ಅದು. ಸ್ವಾತಂತ್ರ್ಯದ ಮಾತು ಆಡುವಾಗ ಆ 5 ಲಕ್ಷ ಲೆಕ್ಕಕ್ಕೆ ಬರಲಿಲ್ಲ. 1783ರ ಶಾಂತಿ ಒಪ್ಪಂದದಲ್ಲಿ ಮೂಲನಿವಾಸಿಗಳ ಹೆಸರೂ ಬರಲಿಲ್ಲ, ನೆಲ ಮಾತ್ರ ಕೈ ಬದಲಾಯಿತು.

ಯುದ್ಧದ ಕಥೆ ಎಲ್ಲ ಕಡೆ ಸಿಗುತ್ತದೆ. 1777ರ ಸಾರಟೋಗಾ ಕಾಳಗ, 1778ರಲ್ಲಿ ಫ್ರೆಂಚರ ಕೈಜೋಡಣೆ, 1781ರಲ್ಲಿ ಯಾರ್ಕ್‌ಟೌನ್. ಫ್ರೆಂಚರು ಇಳಿದಿದ್ದರಿಂದಲೇ ಬ್ರಿಟಿಷರು 1779ರಲ್ಲಿ ಫ್ರೆಂಚರ ವಶದಲ್ಲಿದ್ದ ಮಾಹೆ ಹಿಡಿದರು. ಮಾಹೆ ಹೈದರನಿಗೆ ಸರಕು ಬರುವ ಬಂದರು. 1780ರಲ್ಲಿ ಅವನು ಯುದ್ಧಕ್ಕೆ ಇಳಿಯಲು ಅದೂ ಒಂದು ಕಾರಣ. 1782ರಲ್ಲಿ ಪೆನ್ಸಿಲ್ವೇನಿಯಾದವರು ಒಂದು ಯುದ್ಧದ ಹಡಗಿಗೆ ಹೈದರಾಲಿಯ ಹೆಸರನ್ನೇ ಇಟ್ಟರು. ಡೆಲವೇರ್ ಕೊಲ್ಲಿಯಲ್ಲಿ ಅದು ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಹಿಡಿಯಿತು. ಯಾರ್ಕ್‌ಟೌನಿನಲ್ಲಿ ಶರಣಾದ ಕಾರ್ನ್‌ವಾಲಿಸ್ ಹತ್ತು ವರ್ಷದೊಳಗೆ ಬೆಂಗಳೂರು ಕೋಟೆ ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡು ಇಬ್ಬರು ಮಕ್ಕಳನ್ನು ಒತ್ತೆ ತೆಗೆದುಕೊಂಡದ್ದು ನಮಗೆ ಗೊತ್ತಿರುವ ಭಾಗ.

ಅತ್ತ ಮ್ಯಾಸಚೂಸೆಟ್ಸಿನಲ್ಲಿ ಯುದ್ಧದ ಸಾಲ ತೀರಿಸಲು ಹೊಸ ಸರ್ಕಾರ ನಾಣ್ಯದಲ್ಲೇ ತೆರಿಗೆ ಕೇಳಿತು. ರೈತರ ಕೈಯಲ್ಲಿ ನಾಣ್ಯ ಇರಲಿಲ್ಲ. ಅರ್ಜಿ ಬರೆದರು, ಯಾರೂ ಸೊಪ್ಪು ಹಾಕಲಿಲ್ಲ. 1786ರ ಸೆಪ್ಟೆಂಬರ್ 5ರಂದು ಅದೇ ವೂಸ್ಟರಿನಲ್ಲಿ ಅವರು ಮತ್ತೆ ಕೋರ್ಟಿಗೆ ಅಡ್ಡ ನಿಂತರು. ಒಳಗೆ ಹೋಗಲಾಗದೆ ಮೆಟ್ಟಿಲ ಮೇಲೆ ನಿಂತು ವಾದ ಮಾಡಿದ ನ್ಯಾಯಾಧೀಶ ಆರ್ಟೆಮಸ್ ವಾರ್ಡ್ 1775ರಲ್ಲಿ ಬಾಸ್ಟನ್ನಿಗೆ ಮುತ್ತಿಗೆ ಹಾಕಿದ ರೈತ ಪಡೆಯ ದಂಡನಾಯಕ. ಈ ಸಲ ಸರ್ಕಾರ ಪಡೆ ಕಳಿಸಿತು, ಗುಂಪು ಸೇರುವುದರ ವಿರುದ್ಧ ಕಾನೂನು ಮಾಡಿತು. ಆ ಕಾನೂನಿನ ಕರಡಿಗೆ ಕೈ ಜೋಡಿಸಿದವರಲ್ಲಿ ಸ್ಯಾಮ್ಯುಯಲ್ ಆಡಮ್ಸ್ ಒಬ್ಬ. 1773ರ ಡಿಸೆಂಬರ್ 16ರ ಸಂಜೆ ಓಲ್ಡ್ ಸೌತ್ ಸಭೆಯನ್ನು ಮುನ್ನಡೆಸಿದವರಲ್ಲಿ ಅವನೂ ಇದ್ದ.